ಹದಿನೇಳೋ ಹದಿನೆಂಟೋ

ನಂಬದವರು ನಂಬಬೇಡಿ, ನನಗೇನೂ ಬೇಸರವಿಲ್ಲ. ಆದರೆ ಕಟ್ಟುಕತೆ ಎನ್ನಬೇಡಿ. ಕತೆ ಕಟ್ಟುವಷ್ಟು ಇಮ್ಯಾಜಿನೇಶನ್ ನನಗಿಲ್ಲ. ಕಾನ್ವೆಂಟಿನಲ್ಲಿ ಕಾಂಪೊಸಿಶನ್ ಪೀರಿಯಡ್ ಬಂದರೆ ನನ್ನ ಮುಖ ಬಾಡುತ್ತಿತ್ತು. “ಸುಲೋಚನಾ, ಯೂ ಓನ್ಲಿ ರಿಪೋರ್ಟ್” ಎಂದು ಸಿಸ್ಟರ್ ನೋಟ್‌ಬುಕ್ಕನ್ನು ವಾಪಸ್ ಕೊಡುತ್ತಿದ್ದರು. ಸರಿ, ಇದೂ ರಿಪೋರ್ಟೇ. ಆ ರಾತ್ರಿ ಆ ಕಟ್ಟಡದಲ್ಲಿ ಇದ್ದವಳು ನಾನೊಬ್ಬಳೇ... ಹಾಗೆಂದು ನಾನು ತಿಳಿದಿದ್ದೆ.

ತೊಂಬತ್ತರ ದಶಕದ ನಡುಭಾಗ. ನಾವಾಗ ಅಟ್ಲಾಂಟಾದಲ್ಲಿದ್ದೆವು. ನಮ್ಮವರಿಗೆ ಯೂನಿವರ್ಸಿಟಿಯ ಲ್ಯಾಬಿನಲ್ಲಿ ಕೆಲಸ. ಮನೆಯಲ್ಲಿ ಕೂತು ಹುಳಿಪುಡಿ ಕುಟ್ಟಿ ಸ್ನೇಹಿತರಿಗೆ ಹಂಚುವುದು ಸಾಕಾಗಿ, ಯಹೂದಿಗಳ ಹಳೆಯ ದಾಖಲೆಗಳನ್ನು ಕಾಪಾಡುವ ಒಂದು ಆರ್ಕೈವ್‌ನಲ್ಲಿ ನಾನು ಪಾರ್ಟ್ ಟೈಮ್ ಸೇರಿಕೊಂಡಿದ್ದೆ. ಆಗ ಆ ಕಡೆಯ ಸಣ್ಣ ಊರುಗಳಲ್ಲಿ ಅವರ ಪ್ರಾರ್ಥನಾ ಮಂದಿರಗಳು, ಅಂದರೆ ಸಿನಗಾಗ್‌ಗಳು, ಒಂದೊಂದಾಗಿ ಮುಚ್ಚುತ್ತಿದ್ದವು. ಒಂದು ಕಾಲಕ್ಕೆ ಮೇನ್ ಸ್ಟ್ರೀಟಿನ ಬಟ್ಟೆ ಅಂಗಡಿ, ಶೂ ಅಂಗಡಿಗಳೆಲ್ಲ ಅವರವೇ ಆಗಿದ್ದವಂತೆ. ಈಗ ಪ್ರಾರ್ಥನೆಗೆ ಬೇಕಾದ ಹತ್ತು ಜನ ಕೂಡ ಸೇರುತ್ತಿರಲಿಲ್ಲ. ಬೀಗ ಬೀಳುವ ಮೊದಲು ಹೋಗಿ ಅವರ ಮೀಟಿಂಗ್ ಪುಸ್ತಕ, ನ್ಯೂಸ್‌ಲೆಟರ್, ಮದುವೆಯ ಪತ್ರ, ಸಾವಿನ ರಿಜಿಸ್ಟರ್ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ತರುವುದು ನಮ್ಮ ಕೆಲಸ.

ಆ ನವೆಂಬರಿನಲ್ಲಿ ನಾನೂ ನಮ್ಮ ಹೆಡ್ ಮಿರಿಯಮ್ಮೂ ಸೌತ್ ಕೆರೊಲೈನಾದ ಒಂದು ಊರಿಗೆ ಹೋದೆವು. ಊರಿನ ಹೆಸರು ಬೇಡ. ಮುಚ್ಚಿದ ಹತ್ತಿ ಗಿರಣಿ, ಗೂಡ್ಸ್ ರೈಲು ಮಾತ್ರ ಹಾದುಹೋಗುವ ಹಳಿ, ಕೆಂಪು ಜೇಡಿಮಣ್ಣು. ಸಿನಗಾಗ್ ಒಂದು ಪುಟ್ಟ ಇಟ್ಟಿಗೆ ಕಟ್ಟಡ. ಹಿಂದೆ ಎರಡು ಪೆಕಾನ್ ಮರ, ಅದರಾಚೆ ಕಲ್ಲುಗೋಡೆಯ ಒಳಗೆ ಅವರ ಸ್ಮಶಾನ.

ಬಾಗಿಲು ತೆಗೆದವರು ಮಿಸ್ಟರ್ ಹೈಮನ್. ಎಂಬತ್ತು ದಾಟಿತ್ತು. ಆ ಊರಿನಲ್ಲಿ ಉಳಿದಿದ್ದ ಕೊನೆಯ ಕೆಲವರಲ್ಲಿ ಒಬ್ಬರು. ಆ ವಯಸ್ಸಿನಲ್ಲೂ ಟೈ ಕಟ್ಟಿ, ಶೂ ಪಾಲಿಶ್ ಮಾಡಿಕೊಂಡು ಬಂದಿದ್ದರು. ನಾವು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲೇ. ಇಲ್ಲಿ ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

ಅವರು ಮೊದಲು ನಮ್ಮನ್ನು ಕರೆದುಕೊಂಡು ಹೋದದ್ದು ಸ್ಮಶಾನಕ್ಕೆ. ಗೋಡೆಯಿಂದ ಶುರುವಾಗುವ ಮಕ್ಕಳ ಸಾಲು. ಸಾಲಿನ ಮಧ್ಯೆ ಅಕ್ಕಪಕ್ಕ ಎರಡು ಗೋರಿಗಳಿಗೆ ಮಾತ್ರ ಕಲ್ಲಿರಲಿಲ್ಲ. ಹುಲ್ಲಿನಲ್ಲಿ ಹೂತ ಇಟ್ಟಿಗೆಯ ಅಂಚು, ಅಷ್ಟೇ. ಆದರೆ ಎರಡರ ಮೇಲೂ ಸಣ್ಣ ಸಣ್ಣ ಬೆಣಚುಕಲ್ಲುಗಳ ರಾಶಿ.

“ನಾವು ಹೂವಿಡಲ್ಲ, ಮಿಸೆಸ್ ರಾವ್. ಕಲ್ಲಿಡ್ತೀವಿ. ಬಂದಿದ್ದೆ, ಮರೆತಿಲ್ಲ ಅಂತ” ಎಂದು ಕೋಟಿನ ಜೇಬಿನಿಂದ ಎರಡು ಕಲ್ಲು ತೆಗೆದು, ಒಂದನ್ನು ಇದರ ಮೇಲೆ, ಒಂದನ್ನು ಅದರ ಮೇಲೆ ಇಟ್ಟರು.

“ಎರಡೂ ನಿಮ್ಮವರದ್ದಾ?”

“ಒಂದು ನನ್ನ ತಂಗಿ ರಿವ್ಕಾದು. ಯಾವುದು ಅಂತ ಗೊತ್ತಿಲ್ಲ. ಮೊದಲ ಮಹಾಯುದ್ಧದ ಕೊನೆಗೆ ಆ ದೊಡ್ಡ ಫ್ಲೂ ಬಂತಲ್ಲ, ಆಗ ಹೋದಳು. ನನಗಾಗ ಆರು ವರ್ಷ, ನನಗೂ ಜ್ವರ. ಮಣ್ಣಿಗೆ ನನ್ನ ಕರ್ಕೊಂಡು ಬರಲಿಲ್ಲ. ಅದಾದ ಮೇಲೆ ಅಪ್ಪ ಅಮ್ಮ ಅವಳ ಮಾತೇ ಎತ್ತಲಿಲ್ಲ.” ಹುಲ್ಲಿಗೆ ಉರುಳಿದ್ದ ಒಂದು ಕಲ್ಲನ್ನು ರಾಶಿಗೆ ಸೇರಿಸಿ, “ಅದಕ್ಕೇ ಅರ್ಧ ಅರ್ಧ ಹಂಚ್ತಾ ಬಂದಿದೀನಿ” ಎಂದರು.

ಮುಂದಿನ ವಾರ ಅವರಿಗೆ ಹಾರ್ಟ್ ಆಪರೇಶನ್. ಅದಕ್ಕೆ ಮುಂಚೆ ತಂಗಿಗೆ ಒಂದು ಕಲ್ಲು ನಿಲ್ಲಿಸಬೇಕು ಎಂದು ಕೆತ್ತಿಸಿಟ್ಟಿದ್ದರು. ಕಲ್ಲಿನ ಕೆಲಸದ ಡ್ವೈಟ್ ಮರುದಿನ ಬೆಳಿಗ್ಗೆ ಎಂಟಕ್ಕೆ ಬರುವವನಿದ್ದ. ಯಾವ ಗೋರಿ ಎಂದು ಹೇಳಬಲ್ಲದ್ದು ಒಂದೇ, ಶವಸಂಸ್ಕಾರ ನಡೆಸುತ್ತಿದ್ದ ಸಂಘದವರು ಇಟ್ಟಿದ್ದ ಹಳೆಯ ರಿಜಿಸ್ಟರ್. ಸತ್ತ ಒಬ್ಬೊಬ್ಬ ಮಗುವಿಗೆ ಒಂದೊಂದು ಹಾಳೆ. ಗೋಡೆಯಿಂದ ಎಷ್ಟನೆಯ ಗೋರಿಯೋ ಪುಸ್ತಕದಲ್ಲಿ ಅಷ್ಟನೆಯ ಹಾಳೆ. ಅದು ಸಿಕ್ಕಿದ್ದೇ ಈಚೆಗೆ, ಬೇಸ್‌ಮೆಂಟಿನ ತೇವದಲ್ಲಿ ಅರ್ಧ ಕೊಳೆತು; ಅದರ ಕೈಬರಹ ಮಿಸ್ಟರ್ ಹೈಮನ್ನರಿಗೂ ಓದಲು ಬರುತ್ತಿರಲಿಲ್ಲ. ತಾರೀಖುಗಳು ಅಳಿಸಿಹೋಗಿದ್ದವು. ಹೊಲಿಗೆ ಬಿಚ್ಚಿ ಹಾಳೆಗಳೆಲ್ಲ ಬಿಡಿಬಿಡಿ. ಕಟ್ಟಿನ ಕ್ರಮವೊಂದೇ ಉಳಿದದ್ದು.

ಆ ಕ್ರಮವನ್ನು ಕೆಡಿಸಿದವಳು ನಾನು.

ಮಿರಿಯಮ್ ಕೋರ್ಟ್‌ಹೌಸಿಗೆ ಜಮೀನಿನ ಕಾಗದ ನೋಡಲು ಹೋಗಿದ್ದಳು. ನಾನೊಬ್ಬಳೇ ಕೂತು, ಮೆತ್ತನೆಯ ಪೆನ್ಸಿಲಿನಲ್ಲಿ ಹಾಳೆಗಳಿಗೆ ನಂಬರ್ ಹಾಕುತ್ತಿದ್ದೆ. ಅಲ್ಲಿಯವರೆಗೆ ನನ್ನ ಕೈಗೆ ಬಂದದ್ದೆಲ್ಲ ಇಂಗ್ಲಿಷ್ ಕಾಗದಗಳೇ. ಇದು ಯಿಡ್ಡಿಷ್, ಅವರ ಮನೆಮಾತು, ಹೀಬ್ರೂ ಅಕ್ಷರದ ಕೈಬರಹ. ನನಗೆ ಒಂದಕ್ಷರವೂ ಬಾರದು. ನಡುವೆ ಎರಡು ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮೂಳೆಯ ಚಪ್ಪಟೆ ಕಡ್ಡಿಯಿಂದ ನಿಧಾನವಾಗಿ ಬಿಡಿಸಿ, ಬ್ಲಾಟಿಂಗ್ ಪೇಪರಿನ ಮೇಲೆ ಕಿಟಕಿಯ ಹತ್ತಿರ ಒಣಗಲು ಹರಡಿದೆ. ಅಷ್ಟರಲ್ಲಿ ಮಿಸ್ಟರ್ ಹೈಮನ್ ಕಾಫಿ ತಂದರು. ನೋಡಿದರು. ನಕ್ಕರು.

“ಮಿಸೆಸ್ ರಾವ್, ನಮ್ಮ ಪುಸ್ತಕ ಬಲಗಡೆಯಿಂದ ಶುರು. ನೀವು ನಮ್ಮನ್ನ ಕೊನೆಯಿಂದ ಮೊದಲಿಗೆ ಹೂಳ್ತಾ ಇದ್ದೀರಿ.”

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಎಲ್ಲ ನಂಬರುಗಳನ್ನೂ ಅಳಿಸಿದೆ. ಕಟ್ಟನ್ನು ತಿರುಗಿಸಿ ಬಲದಿಂದ ಮತ್ತೆ ಶುರುಮಾಡಿದೆ. ಹದಿನಾರಾಯಿತು. ಮುಂದಿನ ಎರಡು, ಆ ಒಣಗುತ್ತಿದ್ದ ಹಾಳೆಗಳು. ಯಾವುದು ಮೇಲಿತ್ತು, ಯಾವುದು ಕೆಳಗಿತ್ತು... ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಕಣ್ಣು ಮುಚ್ಚಿ ಒಂದಕ್ಕೆ ಹದಿನೇಳು, ಇನ್ನೊಂದಕ್ಕೆ ಹದಿನೆಂಟು ಎಂದು ಬರೆದುಬಿಟ್ಟೆ.

ಸಂಜೆ ಮಿರಿಯಮ್ ಬಂದು ಭೂತಕನ್ನಡಿ ಹಿಡಿದು ಓದಿದಳು. “ಹದಿನೇಳು, ರಿವ್ಕಾ, ಅಂಗಡಿ ಹೈಮನ್ನರ ಮಗಳು. ಹದಿನೆಂಟು... ಪಾಪ, ದಾರಿಯಲ್ಲಿ ಹೋಗುತ್ತಿದ್ದ ಗಾಡಿ ವ್ಯಾಪಾರಿಯ ಮಗು. ಹೆಸರು ಕೇಳಿಕೊಳ್ಳಲಿಲ್ಲ ಅಂತ ಬರೆದಿದ್ದಾರೆ.”

ಮಿಸ್ಟರ್ ಹೈಮನ್ ಕುರ್ಚಿ ಹಿಡಿದುಕೊಂಡು ನಿಂತರು. “ಹದಿನೇಳು. ಗೋಡೆ ಕಡೆಯದು” ಎಂದರು. ಕರ್ಚೀಫ್ ತೆಗೆದು ಕನ್ನಡಕ ಒರೆಸಿದರು. ಕಣ್ಣನ್ನು ಒರೆಸಲಿಲ್ಲ.

ನಾನು ಬಾಯಿ ಬಿಡಲಿಲ್ಲ.

ಮಿರಿಯಮ್ ಅದೇ ರಾಜ್ಯದ ಕೊಲಂಬಿಯಾ ಪಟ್ಟಣದಲ್ಲಿದ್ದ ತನ್ನ ತಾಯಿಯನ್ನು ನೋಡಲು ಹೊರಟಳು, ಬೆಳಿಗ್ಗೆ ಬರುತ್ತೇನೆ ಎಂದು. ನಾನು ಮೋಟೆಲಿಗೆ ಹೋಗಬೇಕಿತ್ತು. “ಸ್ವಲ್ಪ ಕೆಲಸ ಉಳಿದಿದೆ” ಎಂದು ಬೀಗದ ಕೈ ಇಸಿದುಕೊಂಡು ಅಲ್ಲೇ ಉಳಿದೆ. ಬೆಳಗಾಗುವುದರೊಳಗೆ ಆ ಎರಡು ಹಾಳೆಗಳ ಕ್ರಮಕ್ಕೆ ಏನಾದರೊಂದು ಪುರಾವೆ ಹುಡುಕಬೇಕಿತ್ತು. ಹಳೆಯ ಪುಸ್ತಕದಲ್ಲಿ ನೀರಿನ ಕಲೆ ಹಾಳೆಯಿಂದ ಹಾಳೆಗೆ ಇಳಿದಿರುತ್ತದೆ, ಹುಳ ತೂತು ಮಾಡಿಕೊಂಡು ನೇರವಾಗಿ ಹೋಗಿರುತ್ತದೆ. ಅದನ್ನು ಹೊಂದಿಸಿ ನೋಡಿದರೆ ಯಾವುದರ ಮೇಲೆ ಯಾವುದಿತ್ತು ಎಂದು ತಿಳಿಯುತ್ತದೆ.

ಎಲ್ಲರೂ ಇಂಥದ್ದನ್ನು ನಡುರಾತ್ರಿ ಹನ್ನೆರಡಕ್ಕೆ ಎನ್ನುತ್ತಾರೆ. ನನಗಾದದ್ದು ಎಂಟೂವರೆಗೆ. ಆದರೆ ಆ ಊರಿನಲ್ಲಿ ಐದೂವರೆಗೇ ಕತ್ತಲು.

ಮೊದಲು ಫೋನ್ ಬಂತು. ನಮ್ಮವರು.

“ಲೇ ಸುಲು, ಮೋಟೆಲಿಗೆ ಮಾಡಿದ್ರೆ ಇಲ್ಲ ಅಂದ್ರು. ಇನ್ನೂ ಅಲ್ಲೇನು ಮಾಡ್ತಿದೀಯ? ಊಟ ಆಯ್ತಾ?”

“ಅವಲಕ್ಕಿ ತಂದಿದ್ದೆ.” ಆಮೇಲೆ ತಡೆಯಲಾಗದೆ ಎಲ್ಲವನ್ನೂ ಹೇಳಿದೆ.

“ಅವರ ದೇವರು ಬಲದಿಂದ ಎಡಕ್ಕೆ ಬರೀತಾನೆ, ನಮ್ಮ ಮೇಡಂ ಎಡದಿಂದ ಬಲಕ್ಕೆ ನಂಬರ್ ಹಾಕ್ತಾರೆ. ಭೇಷ್.”

“ತಮಾಷೆ ಮಾಡ್ಬೇಡಿ ಅಂದ್ರೆ. ಏನು ಮಾಡ್ಲಿ?”

“ಏನು ಮಾಡೋದು? ಗೊತ್ತಿಲ್ಲ ಅಂತ ಹೇಳಿಬಿಡು. ಜಸ್ಟ್ ಟೆಲ್ ಹಿಮ್.”

“ಅವರ ಮುಖ ನೀವು ನೋಡಿಲ್ಲ.”

“ನಿನ್ನ ಮುಖ ನೋಡಿದೀನಲ್ಲ ಮೂವತ್ತು ವರ್ಷ. ತಪ್ಪಾಯ್ತು ಅನ್ನೋ ಮಾತು ಅದರಿಂದ ಬಂದಿದ್ದು ನಾ ಕಾಣೆ” ಎಂದು ನಕ್ಕು, “ಬೇಗ ರೂಮಿಗೆ ಹೋಗು” ಎಂದು ಫೋನ್ ಇಟ್ಟರು.

ನಾನು ಮೇಜಿಗೆ ವಾಪಸ್ಸಾದೆ. ಎದ್ದು ಹೋಗುವಾಗ ಹದಿನೇಳನ್ನು ಮೇಲಿಟ್ಟು ಹೋಗಿದ್ದೆ. ಈಗ ಹದಿನೆಂಟು ಮೇಲಿತ್ತು.

ಕೈ ತಾಗಿರಬೇಕು ಎಂದುಕೊಂಡೆ. ಸರಿಮಾಡಿದೆ. ದೀಪಕ್ಕೆ ಹಿಡಿದು ಕಲೆಗಳನ್ನು ಹೊಂದಿಸತೊಡಗಿದೆ. ಆ ಎರಡರ ಕಲೆ ಒಂದಕ್ಕೊಂದು ಹೊಂದುತ್ತಿತ್ತು. ಹದಿನಾರರ ಜೊತೆ ಎರಡೂ ಹೊಂದಲಿಲ್ಲ, ಹತ್ತೊಂಬತ್ತರ ಜೊತೆಗೂ ಇಲ್ಲ. ಮೂಗಿಗೆ ಏನೋ ವಾಸನೆ ಬಂತು. ಕೊಳೆತ ಕಾಗದದ್ದಲ್ಲ. ಒದ್ದೆ ಕಂಬಳಿ... ಕುದುರೆಯ ಬೆವರು... ನಮ್ಮ ಮೈಸೂರಿನ ಟಾಂಗಾ ಸ್ಟ್ಯಾಂಡಿನ ವಾಸನೆ. ಆ ಊರಿನಲ್ಲಿ ನಾನು ಒಂದು ಕುದುರೆಯನ್ನೂ ನೋಡಿರಲಿಲ್ಲ.

ಕನ್ನಡಕ ಒರೆಸಿ ಹಾಕಿಕೊಂಡು ನೋಡಿದೆ.

ಮತ್ತೆ ಹದಿನೆಂಟು ಮೇಲಿತ್ತು.

ಈ ಸಲ ನಾನು ಅದನ್ನು ಮುಟ್ಟಲಿಲ್ಲ.

ಆಗ ಕೇಳಿಸಿತು. ಪ್ರಾರ್ಥನೆಯ ಹಾಲ್‌ನಿಂದ... ಪಟ್... ಪಟ್... ಪಟ್. ಸಣ್ಣ ಅಂಗೈಯಿಂದ ಮರದ ಹಲಗೆ ತಟ್ಟಿದ ಹಾಗೆ. ಮಕ್ಕಳು ಪಕ್ಕದ ಜಾಗ ತಟ್ಟಿ, ಇಲ್ಲಿ ಕೂತುಕೋ ಎನ್ನುತ್ತಾರಲ್ಲ, ಹಾಗೆ. ಆ ಹಾಲ್‌ನಲ್ಲಿ ತಟ್ಟಲು ಮರವೇ ಇರಲಿಲ್ಲ. ಬೆಂಚುಗಳನ್ನೆಲ್ಲ ಹಿಂದಿನ ತಿಂಗಳೇ ಮಾರಿದ್ದರು.

ಫ್ಲಾಶ್‌ಲೈಟ್ ತೆಗೆದುಕೊಂಡು ಬಾಗಿಲ ತನಕ ಹೋದೆ. ಬರಿದು ನೆಲ. ಬೆಂಚುಗಳಿದ್ದ ಕಡೆ ಬಿಳಿಚಿದ ಗುರುತು. ಶಬ್ದ ನಿಂತಿತು.

“ಯಾರು?” ಎಂದೆ ಇಂಗ್ಲಿಷಿನಲ್ಲಿ.

ಪುಟ್ಟ ಹೆಜ್ಜೆಗಳು ಓಡಿದವು. ಬರಿಗಾಲು. ನನ್ನ ಮಗ್ಗುಲಲ್ಲೇ ಹಾದು, ಕಾರಿಡಾರಿನ ಉದ್ದಕ್ಕೂ, ಹಿಂಬಾಗಿಲ ಕಡೆಗೆ... ನಾನೇ ಚಿಲಕ ಹಾಕಿದ್ದ ಹಿಂಬಾಗಿಲು ತೆರೆದಿತ್ತು. ಹೊರಗಿನ ತಣ್ಣನೆಯ ಗಾಳಿ ಕಾಲಿಗೆ ತಾಗಿತು.

ಅಲ್ಲಿಂದ ನೇರ ಮುಂಬಾಗಿಲಿಗೆ ಓಡಬಹುದಿತ್ತು, ಮೋಟೆಲ್ ಹತ್ತು ನಿಮಿಷದ ದಾರಿ. ಯಾಕೆ ಓಡಲಿಲ್ಲ ಎಂದು ಇವತ್ತಿಗೂ ಕೇಳಿಕೊಳ್ಳುತ್ತೇನೆ. ಹೆದರಿಕೆಗಿಂತ ಆಸೆ ದೊಡ್ಡದಾಗಿತ್ತು ಎಂದು ಕಾಣುತ್ತದೆ. ನನ್ನ ತಪ್ಪನ್ನು ಯಾರೋ ತಿದ್ದಿಕೊಡಲು ಬಂದಿದ್ದಾರೆ ಎಂಬ ಆಸೆ.

ಕೋಟು ಹಾಕಿಕೊಂಡು ಹಿಂದೆ ಹೋದೆ. ಪೆಕಾನ್ ಎಲೆಗಳು ಕಾಲಡಿ ಪುಡಿಯಾಗುತ್ತಿದ್ದವು. ದೂರದಲ್ಲಿ ಗೂಡ್ಸ್ ರೈಲು ಕೂಗಿತು. ಮುಂದೆ, ಕತ್ತಲಲ್ಲಿ, ಮತ್ತದೇ ಶಬ್ದ. ಪಟ್... ಪಟ್... ಈಗ ಮರದ ಮೇಲಲ್ಲ, ಒದ್ದೆ ಮಣ್ಣಿನ ಮೇಲೆ.

ಮಕ್ಕಳ ಸಾಲಿಗೆ ಬಂದು ಬೆಳಕು ಬಿಟ್ಟೆ.

ಗೋಡೆ ಕಡೆಯ ಗೋರಿ, ಹದಿನೇಳನೆಯದು, ಬರಿದಾಗಿತ್ತು. ಒಂದು ಬೆಣಚುಕಲ್ಲೂ ಇಲ್ಲ. ಕಲ್ಲುಗಳಿದ್ದ ಕಡೆ ಹುಲ್ಲಿಲ್ಲದ ಬೋಳು ಮಣ್ಣು, ಅದರಲ್ಲಿ ಸಣ್ಣ ಸಣ್ಣ ಗುಳಿ. ಅಷ್ಟೂ ಕಲ್ಲು ಪಕ್ಕದ ಹದಿನೆಂಟರ ಮೇಲಿತ್ತು. ಎಪ್ಪತ್ತು ವರ್ಷ ಆ ಮನುಷ್ಯ ತಂದಿಟ್ಟ ಕಲ್ಲು, ಎಲ್ಲವೂ ಒಂದರ ಮೇಲೆ. ಮೇಲಿನ ಕಲ್ಲುಗಳು ಇನ್ನೂ ಕೆಳಗಿನ ಮಣ್ಣು ಅಂಟಿ ಒದ್ದೆಯಾಗಿದ್ದವು.

ಆಗ ನನ್ನ ಕೋಟಿನ ಅಂಚು ಭಾರವಾಯಿತು. ಮಗು ಹಿಡಿದು ಜೋತುಬಿದ್ದರೆ ಆಗುವಷ್ಟು ಭಾರ. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಆ ಒದ್ದೆ ಕಂಬಳಿಯ ವಾಸನೆ ನನ್ನ ಸೊಂಟದ ಹತ್ತಿರದಿಂದ ಏಳುತ್ತಿತ್ತು.

ಬಾಯಲ್ಲಿ ಕನ್ನಡ ಬಂತು. “ಗೊತ್ತಾಯ್ತು ಪುಟ್ಟೀ... ಇದೇ ನಿಂದು, ಅಲ್ವಾ? ನಾಳೆ ಹೇಳ್ತೀನಮ್ಮ. ಖಂಡಿತ ಹೇಳ್ತೀನಿ. ಬಿಡು.”

ಬಿಟ್ಟಿತು.

ಆಮೇಲೆ ಮೋಟೆಲಿಗೆ ಹೇಗೆ ಹೋದೆನೋ ಗೊತ್ತಿಲ್ಲ. ದೀಪ ಆರಿಸದೆ, ಟೀವಿ ಹಾಕಿಕೊಂಡು ಬೆಳಗು ಮಾಡಿದೆ.

ಎಂಟಕ್ಕೆ ಹೋದಾಗ ಡ್ವೈಟ್ ಆಗಲೇ ಗೋಡೆ ಕಡೆ ಗುಂಡಿ ತೆಗೆಯಲು ಗುರುತು ಹಾಕುತ್ತಿದ್ದ. ಅವನ ಟ್ರಕ್ಕಿನಲ್ಲಿ, ಹಳೆಯ ಕೌದಿಯಲ್ಲಿ ಸುತ್ತಿದ ಕಲ್ಲು. ಮಿಸ್ಟರ್ ಹೈಮನ್ ಹೊಸ ಟೈ ಕಟ್ಟಿದ್ದರು.

“ಮಿಸ್ಟರ್ ಹೈಮನ್, ನಿನ್ನೆ ನಂಬರ್ ಹಾಕುವಾಗ ಹಾಳೆ ಅದಲು ಬದಲು ಮಾಡಿಬಿಟ್ಟಿದ್ದೆ. ನನ್ನದೇ ತಪ್ಪು” ಎಂದೆ. “ರಿವ್ಕಾ ಹದಿನೆಂಟು. ಆ ಕಡೆಯದು.”

ಅಲ್ಲಿಗೆ ನಿಲ್ಲಿಸಿದ್ದರೆ ಅರ್ಧ ಸತ್ಯವಾದರೂ ಆಗುತ್ತಿತ್ತು. ಅವರು “ಖಂಡಿತಾನಾ?” ಎಂದಾಗ, “ರಾತ್ರಿ ನೀರಿನ ಕಲೆ ಹೊಂದಿಸಿ ನೋಡಿದೆ, ಸರಿಯಾಗಿ ಕೂತಿತು” ಎಂದುಬಿಟ್ಟೆ.

ಅವರು ಕಲ್ಲಿನ ರಾಶಿಯನ್ನು ಆಗ ನೋಡಿದರು. ತುಂಬ ಹೊತ್ತು ನೋಡಿದರು. “ಇದನ್ನ ನೀವು ಸರಿಸಿದ್ರಾ?”

“ಹೂಂ” ಎಂದೆ.

“ಒಳ್ಳೇ ಕೆಲಸ ಮಾಡಿದ್ರಿ ಹನಿ” ಎಂದು ನನ್ನ ಕೈ ತಟ್ಟಿದರು. “ಇನ್ನು ಮೇಲೆ ಹಂಚೋದು ಬೇಡ. ಎಲ್ಲಾ ಅವಳಿಗೇ.”

ಜೇಬಿನಿಂದ ತೆಗೆದ ಎರಡು ಕಲ್ಲನ್ನೂ ಆ ರಾಶಿಯ ಮೇಲೇ ಇಟ್ಟರು.

ಡ್ವೈಟ್ ಹದಿನೆಂಟರ ತಲೆಯ ಕಡೆ ಗುಂಡಿ ತೆಗೆದು, ಕಾಂಕ್ರೀಟ್ ಕಲಸಿ ಸುರಿದ. ಅವನೂ ಅವನ ಆಳೂ ಸೇರಿ ಕಲ್ಲನ್ನು ನಿಲ್ಲಿಸಿದರು. ಕೊನೆಗೆ ಕೌದಿ ಬಿಚ್ಚಿದರು. ಮೇಲೆ ಹೀಬ್ರೂ, ಕೆಳಗೆ ಇಂಗ್ಲಿಷ್. ನಾನು ಬಗ್ಗಿ ಓದಿದೆ.

ರಿವ್ಕಾ. ಪ್ರೀತಿಯ ಮಗಳು, ತಂಗಿ. ವಯಸ್ಸು ಎಂಟು ತಿಂಗಳು.

ಕೊನೆಯ ಸಾಲನ್ನು ಮತ್ತೊಮ್ಮೆ ಓದಿದೆ. ಎಂಟು ತಿಂಗಳ ಮಗು ಓಡುವುದಿಲ್ಲ. ಕೋಟು ಹಿಡಿದು ಜೋತುಬೀಳುವುದಿಲ್ಲ. ಪಕ್ಕದ ಗೋರಿಯ ಕಲ್ಲುಗಳನ್ನು ಹೊತ್ತು ತಂದು ತನ್ನ ಮೇಲೆ ಹೇರಿಕೊಳ್ಳುವುದಿಲ್ಲ. ಕುದುರೆ ಗಾಡಿಯಲ್ಲಿ ಬಂದ ಮಗು ಯಾವುದು, ಅಂಗಡಿ ಮನೆಯ ಮಗು ಯಾವುದು...

ಬಾಯಿ ತೆರೆದೆ. ಮಿಸ್ಟರ್ ಹೈಮನ್ ಆ ಕಲ್ಲನ್ನು ಎರಡೂ ಕೈಯಿಂದ ಹಿಡಿದು, ಅದರ ಮೇಲೆ ಹಣೆಯಿಟ್ಟು ನಿಂತಿದ್ದರು. ಬಾಯಿ ಮುಚ್ಚಿಕೊಂಡೆ. ಒಂಬತ್ತಕ್ಕೆ ಮಿರಿಯಮ್ ಬಂದಳು. ಪೆಟ್ಟಿಗೆಗಳನ್ನು ವ್ಯಾನಿಗೆ ಹಾಕಿದೆವು. ಹೊರಡುವ ಮುಂಚೆ ಆ ಎರಡು ಹಾಳೆಗಳ ನಂಬರನ್ನು ನನ್ನ ಕೈಯಾರೆ ಅಳಿಸಿ, ಅದಲು ಬದಲು ಬರೆದೆ. ಮೈಕ್ರೊಫಿಲ್ಮಿನಲ್ಲಿ ಈಗಲೂ ಹಾಗೇ ಇದೆ. ಸಂಶೋಧಕರು ಬಂದು ನೋಡುತ್ತಾರೆ, ಬರೆದುಕೊಳ್ಳುತ್ತಾರೆ, ನಂಬುತ್ತಾರೆ.

ಮನೆಯಲ್ಲಿ ಇವರಿಗೆ ಹೇಳಿದೆ. “ಕತ್ತಲಲ್ಲಿ ಅಳಿಲೋ ರಕೂನೋ ಕೆದಕಿರತ್ತೆ ಕಣೇ” ಎಂದರು. ಇರಬಹುದು. ಹಾಗಾದರೆ ನಾನು ಹೇಳಿದ್ದು ತಪ್ಪು ಎಂದೂ ಆಗಲಿಲ್ಲ, ಸರಿ ಎಂದೂ ಆಗಲಿಲ್ಲ.

ಆಪರೇಶನ್ ಚೆನ್ನಾಗಿ ಆಯಿತು. ಮಾರ್ಚಿನಲ್ಲಿ ಒಂದು ಸಂಜೆ ಮಿಸ್ಟರ್ ಹೈಮನ್ ನಮ್ಮ ಮನೆಗೆ ಫೋನ್ ಮಾಡಿದರು. ದನಿಯಲ್ಲಿ ಸಂತೋಷವಿತ್ತು.

“ಮಿಸೆಸ್ ರಾವ್, ಮುದುಕನಿಗೆ ಅರಳು ಮರಳು ಅನ್ಕೋಬೇಡಿ. ದಿನಾ ಸಂಜೆ ಹೋಗ್ತೀನಿ. ಕಲ್ಲಿನ ಹತ್ರ ನಿಂತು ಹೆಸರು ಹಿಡಿದು ಕರೀತೀನಿ. ಕರೆದ ತಕ್ಷಣ ಯಾರೋ ಓಡಿ ಬಂದ ಹಾಗಾಗತ್ತೆ. ಪುಟ್ಟ ಪುಟ್ಟ ಹೆಜ್ಜೆ. ಇಷ್ಟು ವರ್ಷ ಹೀಗೆ ಒಂದು ದಿನವೂ ಆಗಿರಲಿಲ್ಲ.”

ನಾನು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. “ಒಳ್ಳೇದಾಯ್ತು, ಮಿಸ್ಟರ್ ಹೈಮನ್.”

“ಒಂದೇ ಒಂದು ಕಿರಿಕಿರಿ. ಪಕ್ಕದ ಆ ಗೋಡೆ ಕಡೆ ಗೋರಿ ಹತ್ರ ಬೆಕ್ಕೊಂದು ಸೇರ್ಕೊಂಡಿದೆ ಅಂತ ಕಾಣತ್ತೆ. ನಾನು ರಿವ್ಕಾ ಅಂದಾಗೆಲ್ಲ ಅಳೋಕೆ ಶುರುಮಾಡತ್ತೆ. ಥೇಟ್ ಕೂಸು ಅತ್ತ ಹಾಗೆ. ಹುಡುಕಿದೆ, ಕಾಣಲ್ಲ. ಬೆಕ್ಕೇ ತಾನೇ?”

ಅಡುಗೆಮನೆಯಲ್ಲಿ ಇವರು ಏನೋ ಗುನುಗುತ್ತಾ ತಟ್ಟೆ ತೊಳೆಯುತ್ತಿದ್ದರು. ಆ ಕಡೆಯಿಂದ ಮಿಸ್ಟರ್ ಹೈಮನ್ ಕಾಯುತ್ತಿದ್ದರು.

“ಬೆಕ್ಕೇ ಇರಬೇಕು” ಎಂದೆ.

ನಾನು ಅವರಿಗೆ ಹೇಳಿದ ಕೊನೆಯ ಮಾತು ಅದು.